ಕೋಣೆಯಲ್ಲಿ ಇನ್ನೊಬ್ಬರಿಲ್ಲ

ಮಲಾಂಗ್, ಭಾನುವಾರ

ಮನೆಯೊಡತಿ ಬು ಕುಸ್ಮಿಯಾತಿ ಅವರಿಗೆ ಮಹಡಿ ಕೋಣೆಯ ಗಲಿಹ್ ಮಾಡುವ ನಮಸ್ಕಾರಗಳು.

ನಿನ್ನೆ ಮೆಟ್ಟಿಲ ಬಳಿ ನೀವು, "ದಿನಾ ಒಳಗೆ ಯಾರ ಜೊತೆ ಮಾತಾಡ್ತೀಯಪ್ಪಾ? ಹುಡುಗೀನ ಕರ್ಕೊಂಡು ಬಂದಿದ್ರೆ ಇವತ್ತೇ ಗಂಟುಮೂಟೆ ಕಟ್ಟು" ಎಂದಿರಿ. ಉಳಿದ ಬಾಡಿಗೆದಾರರೆಲ್ಲ ನೋಡುತ್ತಿದ್ದುದರಿಂದ ನಾನು ಮೇಲೆ ಹತ್ತಿ ಬಂದುಬಿಟ್ಟೆ; ಅದಕ್ಕೇ ಈ ಪತ್ರ.

ಕೋಣೆಗೆ ಯಾರೂ ಬಂದಿಲ್ಲ, ಅಮ್ಮಾ. ನಾನು ಬಯ್ಯುತ್ತಿದ್ದುದು ಕಂಪ್ಯೂಟರನ್ನು. ಹವ್ಯಾಸಕ್ಕೆಂದು ಅದರಲ್ಲಿ ಒಂದು ಪುಟ್ಟ ಆಟ ಬರೆಯಲು ಹೊರಟಿದ್ದೇನೆ. ಅದಕ್ಕೆ ಬೇಕಾದ ತಂತ್ರಾಂಶಗಳನ್ನು ಕಂಪ್ಯೂಟರಿಗೆ ಹಾಕಿ ಹೊಂದಿಸುವುದರಲ್ಲೇ ಮಳೆಗಾಲ ಕಳೆಯಿತು. ಒಂದನ್ನು ಹಾಕಿದರೆ ಇನ್ನೊಂದು ಸಿಗುತ್ತಿಲ್ಲ ಅನ್ನುತ್ತದೆ. ಅದನ್ನು ತಂದರೆ ಮೊದಲಿನದು ಹಳತಾಯಿತು ಅನ್ನುತ್ತದೆ. "ಅಲ್ಲೇ ಇದೆಯಲ್ಲೋ, ಕಣ್ಣು ಬಿಟ್ಟು ನೋಡೋ" ಎಂದು ಗದರಿದ್ದು ಅದಕ್ಕೇ.

ಇಂದು ಬೆಳಿಗ್ಗೆ ಕೊನೆಗೂ ಆಟ ತೆರೆದುಕೊಂಡಿತು. ಕಪ್ಪು ಪರದೆಯ ಮೇಲೆ ಒಂದು ಕೆಂಪು ಚೌಕ, ಅಷ್ಟೇ. ಬಾಣದ ಗುಂಡಿ ಒತ್ತಿದರೆ ಆ ಚೌಕ ಅತ್ತಿತ್ತ ನಡೆಯುತ್ತದೆ. "ಬಾ, ಬೇಗ ಬಾ, ಇಲ್ನೋಡು!" ಎಂದು ಕೂಗಿದ್ದು ನಿಮಗೂ ಕೇಳಿಸಿರಬೇಕು. ಯಾರನ್ನು ಕರೆದೆನೋ ನನಗೇ ಗೊತ್ತಿಲ್ಲ.

ದಯವಿಟ್ಟು ಕೋಣೆ ಬಿಡಿಸಬೇಡಿ. ಅನುಮಾನವಿದ್ದರೆ ಯಾವಾಗ ಬೇಕಾದರೂ ಮೇಲೆ ಬಂದು ನೋಡಿ. ಬಂದಾಗ ಬಲಗಡೆಯ ಬಾಣದ ಗುಂಡಿಯನ್ನು ಒಮ್ಮೆ ನೀವೇ ಒತ್ತಿ. ನಾನು ಚಹಾ ಮಾಡಿಟ್ಟಿರುತ್ತೇನೆ.

ನಿಮ್ಮ ಬಾಡಿಗೆದಾರ,
ಗಲಿಹ್