ಕರಣೆಯ ಹಿಡಿ

ಮಾರ್ಚ್ ೧೪, ಗುರುವಾರ

ಮನೆ ಯಜಮಾನರು ನನ್ನನ್ನು ಗೇಲಿ ಮಾಡಿದರೋ, ಸಮಾಧಾನ ಮಾಡಿದರೋ? ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡಿದಿದೆ.

ಸೇವಾ ಶಿಬಿರಕ್ಕೆಂದು ಮೇಡಂ ಜೊತೆ ಕಾಲೇಜಿನ ಹನ್ನೊಂದು ಜನ ವಿಮಾನ ಹತ್ತಿ ಈ ಪರದೇಶಕ್ಕೆ ಬಂದು ಅವರಿಗೆ ಮನೆ ಕಟ್ಟುತ್ತಿದ್ದೇವೆ. ಆರು ದಿನದಿಂದ ಗೋಡೆ ಕಟ್ಟುವುದು ನಾನು, ಇಟ್ಟಿಗೆ ಎತ್ತಿ ಕೊಡುವುದು ಅವರು. ಇವತ್ತು ಅಡುಗೆಮನೆ ಗೋಡೆಯ ಮೂರನೇ ಸಾಲು ಹಾವು ಹರಿದ ಹಾಗೆ ಸೊಟ್ಟಗಾಯಿತು. ಇಲ್ಲಿನ ಕನ್ನಡದವರ ಅಂಗಡಿಯಲ್ಲಿ ಕೆಲಸ ಮಾಡಿ ನಮ್ಮ ಮಾತು ಕಲಿತಿರುವ ಅವರ ಮಗಳು ಕಿಸಕ್ಕನೆ ನಕ್ಕಳು.

"ಅಪ್ಪ ಇಪ್ಪತ್ತು ವರ್ಷದಿಂದ ಗಾರೆ ಮೇಸ್ತ್ರಿ, ಅಕ್ಕಾ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮತ್ತೆ ಅವರೇ ಯಾಕೆ ಕಟ್ಟಲ್ಲ?"

"ಗೋಡೆ ಹುಡುಗರು ಕಟ್ತಾರೆ, ನೀವು ಕೈಜೋಡಿಸಿ ಸಾಕು ಅಂತ ನಿಮ್ಮ ಮೇಡಮ್ಮೇ ಹೇಳಿದ್ರಲ್ಲ."

ಆ ಸಾಲು ಕೆಡವಲು ಹೋದೆ. ಯಜಮಾನರು ಕೈ ಅಡ್ಡ ಹಿಡಿದು ಏನೋ ಅಂದರು.

"ಇರಲಿ ಬಿಡಮ್ಮ ಅಂತಿದ್ದಾರೆ," ಎಂದಳು ಮಗಳು. "ನೆಟ್ಟಗಿರೋ ಗೋಡೆ ಊರವರಿಗೆಲ್ಲ ಕಟ್ಟಿ ಆಯ್ತಂತೆ."

ಅದೇನು, ಸಿಟ್ಟೇ? ಪ್ರೀತಿಯೇ? ನಾಳೆ ಕರಣೆಯನ್ನು ಅವರ ಕೈಗೇ ಕೊಟ್ಟುಬಿಡಲೇ? ಕೊಟ್ಟರೆ ನಾನು ಇಷ್ಟು ದೂರ ಬಂದದ್ದಾದರೂ ಯಾಕೆ?

ಗಾರೆ ಮೆತ್ತುವ ಆ ಕರಣೆಯ ಮರದ ಹಿಡಿ ಸವೆದು, ಹೆಬ್ಬೆರಳು ಕೂರುವಷ್ಟು ಹಳ್ಳ ಬಿದ್ದಿದೆ. ನನ್ನ ಬೆರಳು ಅದರಲ್ಲಿ ಕೂರುವುದೇ ಇಲ್ಲವೆಂದು ಆರು ದಿನ ಗೊಣಗಿದೆ. ಮೊದಲ ದಿನ ಅದನ್ನು ಅಂಗಿಗೆ ಒರೆಸಿ ನನ್ನ ಕೈಗಿಟ್ಟವರು ಅವರೇ.