ಬಳೆಯ ಹತ್ತಿರ ನಿಂತುಹೋದ ಪ್ಲಾಸ್ಟರು

ನಗರದ ದೊಡ್ಡ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರೇ,

ಕಳೆದ ಭಾನುವಾರ ತುಮಕೂರಿನ ಮಹಿಳಾ ಸಂಘವೊಂದರಲ್ಲಿ ತಾವು ಭಾಷಣ ಮಾಡಿದಿರಿ. ಸ್ನಾಯುರಜ್ಜು ತುಂಡಾದರೆ ಗಂಡಸರಿಗೆ ಕೂಡಿಕೊಳ್ಳುವಂತೆ ಹೆಂಗಸರಿಗೆ ಕೂಡುವುದಿಲ್ಲ, ಹೆಣ್ಣಿನ ಪ್ರಕೃತಿಯೇ ಮೃದು, ಜೊತೆಗೆ ಹೇಳಿದ ಮಾತು ಕೇಳುವ ಶಿಸ್ತೂ ಇಲ್ಲ ಎಂದಿರಿ. "ಗುಬ್ಬಿಯ ಹುಡುಗಿ ಒಬ್ಳು, ನಾನು ಹೊಲಿದು ಕಳಿಸಿದ್ದನ್ನ ಮನೇಲಿ ಕಿತ್ಕೊಂಡು ಬಂದ್ಲು!" ಎಂದು ಸಭೆಯನ್ನು ನಗಿಸಿದಿರಿ. ಆ ಹುಡುಗಿ ಎರಡನೇ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ತಾವು ಗುರುತು ಹಿಡಿಯಲಿಲ್ಲ. ತಮ್ಮ ತಪ್ಪೇನಿಲ್ಲ, ಹೊಲಿಯುವಾಗಲೂ ತಾವು ನನ್ನ ಮುಖ ನೋಡಿರಲಿಲ್ಲ.

ನಾನು ಕುಣಿಗಲ್ಲಿನವಳು, ಗುಬ್ಬಿಯ ಸೊಸೆ, ತುಮಕೂರಿನಲ್ಲಿ ಬಿ.ಎಸ್ಸಿ. ಓದಿದವಳು. ಅಂಬೆಗಾಲಿಡುವ ಮಗಳು ಈಳಿಗೆಮಣೆಯ ಅಲಗಿಗೆ ಕೈ ಚಾಚಿದಳು. ನಾನು ನಡುವೆ ಎಡಗೈ ಒಡ್ಡಿದೆ. ಅಂಗೈ ಸೀಳಿ, ಎರಡು ಬೆರಳು ಮಡಿಸುವ ಹುರಿಗಳು, ತಾವು ಹೇಳಿದ ಅದೇ ಸ್ನಾಯುರಜ್ಜುಗಳು, ತುಂಡಾದವು. ನಮ್ಮ ಕಡೆ ಅದನ್ನೂ ನರ ಅನ್ನುತ್ತಾರೆ, ಬಿಡಿ. ಅದಕ್ಕೆ ಎರಡು ತಿಂಗಳ ಹಿಂದೆ, ಅದೇ ಮನೆಯಲ್ಲಿ, ನನ್ನ ಭಾವ ಶಿವರಾಮಯ್ಯನವರು ಎಳನೀರು ಕೆತ್ತುವಾಗ ಮಚ್ಚು ಜಾರಿ ಅವರಿಗೂ ಅದೇ ಗಾಯವಾಗಿತ್ತು. ಅದೇ ಎಡಗೈ. ಹೊಲಿದವರೂ ತಾವೇ. ಮೃದು ಯಾವುದು, ಗಟ್ಟಿ ಯಾವುದು ಎಂದು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ತಮಗೆ ಇನ್ನೆಲ್ಲಿ ಸಿಕ್ಕೀತು?

ಭಾವನಿಗೆ ಬೆರಳ ತುದಿಯಿಂದ ಮೊಣಕೈ ಹತ್ತಿರದವರೆಗೆ ಪ್ಲಾಸ್ಟರು ಬಂತು. ಮಣಿಕಟ್ಟು ಅಲುಗಿದರೆ ಹೊಲಿಗೆ ಹರಿಯುತ್ತದೆ ಎಂದು ತಾವೇ ಎಚ್ಚರಿಸಿದಿರಿ. ಕೆಲಸಕ್ಕೆ ರಜೆ ಬರೆದುಕೊಟ್ಟಿರಿ. ಪ್ಲಾಸ್ಟರು ಬಿಚ್ಚಿದ ಮೇಲೆ ಒಂದೊಂದು ಗೆಣ್ಣನ್ನೂ ಹೇಗೆ ಮಡಿಸಬೇಕೆಂದು ಪಕ್ಕದಲ್ಲಿ ಕೂತು ತೋರಿಸಿದಿರಿ. ಅವರ ಬೆರಳುಗಳು ಈಗ ಮೊದಲಿನಂತೆಯೇ ಮಡಿಯುತ್ತವೆ. ನನ್ನ ಸರದಿ ಬಂದಾಗ ಕೈಯಲ್ಲಿ ಗಾಜಿನ ಬಳೆಗಳಿದ್ದವು. ಪ್ಲಾಸ್ಟರು ಕಟ್ಟುತ್ತಿದ್ದವನಿಗೆ ತಾವು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಬಳೆ ಮುಟ್ಟಬೇಡ ಕಣಯ್ಯ, ಆಮೇಲೆ ಇವಳತ್ತೆ ರಾಗ ತೆಗೀತಾಳೆ. ಅಲ್ಲಿಗೇ ನಿಲ್ಸು." ಅವನು ಅಲ್ಲಿಗೇ ನಿಲ್ಲಿಸಿದ. ಭಾವನ ಕೈಗೆ ಅಷ್ಟು ಅಗತ್ಯವಾಗಿದ್ದ ಮಣಿಕಟ್ಟು ನನ್ನ ಕೈಗೆ ಬೇಡವಾಯಿತು.

ಯಾರನ್ನು ಕೇಳಿದಿರಿ? ನನ್ನನ್ನೇ? ನೋವಿದ್ದರೂ ನನಗೆ ಪ್ರಜ್ಞೆ ಇತ್ತು, ಬಾಯಿಯೂ ಇತ್ತು. ನನ್ನತ್ತೆ ಸಿದ್ದಲಕ್ಷ್ಮಮ್ಮನವರನ್ನೇ? ಅವರು ಬಾಗಿಲ ಆಚೆಗೇ ಇದ್ದರು. ಮೊನ್ನೆ ನಾನೇ ಕೇಳಿದೆ. "ಅಯ್ಯೋ ನನ್ ತಾಯಿ, ಒಂದ್ ಮಾತು ಅಂದಿದ್ರೆ ನಾನೇ ಪಟಪಟ ಅಂತ ಒಡ್ದಾಕ್ತಿರ್ಲಿಲ್ವಾ? ಬಳೆ ನಾಳೆ ಬತ್ತದೆ, ಕೈ ಬತ್ತದಾ?" ಎಂದರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿಗೆ ತಿಳಿದದ್ದು, ವಿದೇಶದಲ್ಲಿ ಕಲಿತು ಬಂದ ತಮಗೆ ತಿಳಿಯಲಿಲ್ಲ. ಆದರೆ ಆಕೆ ಏನನ್ನುತ್ತಾಳೆ ಎನ್ನುವುದು ಮಾತ್ರ ಕೇಳದೆಯೇ ತಿಳಿದುಹೋಯಿತು!

ಇನ್ನು ಶಿಸ್ತಿನ ಮಾತು. ರಜೆ ಬರೆದುಕೊಡಿ ಎಂದಾಗ, "ನಿನಗ್ಯಾವ ಆಫೀಸಮ್ಮ? ಮನೆಕೆಲಸ ಮಾಡ್ಕೊಂಡಿರು, ಅದೇ ವ್ಯಾಯಾಮ. ಬಲಗೈ ನೆಟ್ಟಗಿದ್ಯಲ್ಲ," ಎಂದು ಅತ್ತೆಯ ಎದುರೇ ಅಪ್ಪಣೆ ಕೊಡಿಸಿದಿರಿ. ಅತ್ತೆಗೆ ಡಾಕ್ಟರ ಮಾತು ಎಂದರೆ ವೇದ. ಭಾವನಿಗೆ ನೀರಿನ ಚೊಂಬನ್ನೂ ಎತ್ತಗೊಡದವರು, ನನಗೆ ಮಾತ್ರ, "ಕೈ ಆಡ್ತಿರ್ಬೇಕಂತೆ ಕಣಮ್ಮ, ಡಾಕ್ಟ್ರೇ ಹೇಳವ್ರೆ" ಎಂದು ಮುದ್ದೆ ತಿರುವಲು ಕೂರಿಸಿದರು. ಪಾಪ, ಒಳ್ಳೆಯದಕ್ಕೇ. ಮಡಕೆಯನ್ನು ಒತ್ತಿ ಹಿಡಿಯುವುದು ಎಡಗೈ ಎಂದು ಮುದ್ದೆ ಉಣ್ಣುವ ತಮಗೆ ಗೊತ್ತಿಲ್ಲವೇ? ಕೊನೆಗೆ, ಪ್ಲಾಸ್ಟರು ಬಿಚ್ಚಿದ ಹೊಸದರಲ್ಲಿ, ಒಂದು ಬೆಳಿಗ್ಗೆ ಮಗುವಿನ ಬಟ್ಟೆ ಹಿಂಡುವಾಗ ಅಂಗೈಯೊಳಗೆ ಏನೋ ಕಿತ್ತುಬಂತು. ಬೆರಳೆರಡೂ ಮಡಿಸಲಾಗದೆ ನೆಟ್ಟಗೆ ನಿಂತವು. ನಾನು ಶಿಸ್ತು ಮುರಿಯಲಿಲ್ಲ, ಸ್ವಾಮಿ. ತಮ್ಮ ಮಾತನ್ನು ಅಕ್ಷರಶಃ ಪಾಲಿಸಿದೆ.

ಎರಡು ಕುಂಡದಲ್ಲಿ ಒಂದೇ ಬೀಜ ಬಿತ್ತಿ, ಒಂದಕ್ಕೆ ನೀರೆರೆದು, ಇನ್ನೊಂದನ್ನು ಒಲೆಯ ಪಕ್ಕ ಇಟ್ಟು, ಒಣಗಿದ್ದು ಬೀಜದ ದೋಷ ಎಂದು ಬರೆದಿದ್ದರೆ ನಮ್ಮ ಕಾಲೇಜಿನಲ್ಲಿ ಪಾಸು ಮಾಡುತ್ತಿರಲಿಲ್ಲ. ಹೆಣ್ಣು ಗಂಡಿನ ಹುರಿಗಳಲ್ಲಿ ನಿಜವಾಗಿ ವ್ಯತ್ಯಾಸ ಇದ್ದರೂ ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಗೊತ್ತಾಗಬೇಕಾದರೆ ಮೊದಲು ಎರಡು ಕೈಗಳಿಗೂ ಒಂದೇ ಉದ್ದದ ಪ್ಲಾಸ್ಟರು ಹಾಕಬೇಕು. ತಾವು ಅಷ್ಟನ್ನೂ ಮಾಡದೆ ವೇದಿಕೆ ಹತ್ತಿದಿರಿ.

ಸೋಪು ಹಚ್ಚಿದ ಮಗು ಈ ಕೈಯಲ್ಲಿ ನಿಲ್ಲುವುದಿಲ್ಲ. ಒಮ್ಮೆ ಜಾರಿದ್ದಾಳೆ, ಅತ್ತೆ ಹಿಡಿದರು. ಅಂದಿನಿಂದ ಅವಳು ಮಲಗಿದರೂ ನಾನು ಮಲಗಲಾರೆ. ಮತ್ತೆ ಹೊಲಿಯಿರಿ ಎಂದು ಬಂದರೆ, "ಹೆಂಗಸರ ಕೈ, ಹೊಲಿದ್ರೂ ಅಷ್ಟೇ" ಎಂದು ಕಳಿಸಿದಿರಿ. ತಡವಾದಷ್ಟೂ ಹುರಿಯ ತುದಿಗಳು ಒಳಗೆ ಸರಿದು ಕೈಗೆ ಸಿಗುವುದಿಲ್ಲ ಎಂದೂ ತಾವೇ ಹೇಳಿದಿರಿ. ಹಾಗಿದ್ದರೆ ಯಾವುದಕ್ಕೆ ಕಾಯುತ್ತಿದ್ದೀರಿ?

ನನಗೆ ಕ್ಷಮೆ ಬೇಡ, ಅದನ್ನು ಹಿಡಿದುಕೊಳ್ಳಲೂ ಬೆರಳು ಬೇಕು. ಎರಡನೇ ಆಪರೇಷನ್ ಬೇಕು. ಮೊಣಕೈವರೆಗಿನ ಪ್ಲಾಸ್ಟರು ಬೇಕು. ಈ ಕೈ ಇಂತಿಷ್ಟು ದಿನ ಒಲೆ, ಒಗೆತ ಮುಟ್ಟಕೂಡದು ಎಂಬ ಮಾತು ನನ್ನತ್ತೆಗೆ ತಮ್ಮ ಬಾಯಿಂದಲೇ ಬೇಕು. ಆಕೆ ತಮ್ಮನ್ನು ಇನ್ನೂ ನಂಬುತ್ತಾರೆ. ಸೋಮವಾರ ಬೆಳಿಗ್ಗೆ ತಮ್ಮ ಬಾಗಿಲಲ್ಲಿ ನಿಂತಿರುತ್ತೇನೆ. ಎಡಗೈ ಬರಿದಾಗಿರುತ್ತದೆ. ಗಾಬರಿಯಾಗಬೇಡಿ, ನನ್ನ ಗಂಡ ಮಗುವನ್ನೆತ್ತಿಕೊಂಡು ಪಕ್ಕದಲ್ಲೇ ಇರುತ್ತಾರೆ, ಗುಂಡುಕಲ್ಲಿನ ಹಾಗೆ.

ಇಂತಿ,
ತಮ್ಮ ಭಾಷಣದಲ್ಲಿ ಹೆಸರಿಲ್ಲದೆ ಹಾದುಹೋದ ಉದಾಹರಣೆ,
ಗಂಗಾಂಬಿಕೆ
ಗುಬ್ಬಿ, ೧೯೮೩