ನೋಡಬಾರದ ಬೇರು

ಜೂನ್ 12, ಬುಧವಾರ. ರಾಯದುರ್ಗ

...ದಿನ ಕೆದಕಬ್ಯಾಡ್ರಿ, ಅಂದಿದ್ದಳು ಅಂಜನಾ. ಎಷ್ಟು ದಿನ ಅಂತ ಮಾತ್ರ ನೆನಪಾಗುತ್ತಿಲ್ಲ. ಇದೇ ಟೆರೇಸಿನಲ್ಲಿ ಕೂತು, ಹಾಲಿನ ಪ್ಯಾಕೆಟ್ಟಿನಲ್ಲಿ ಬಿಲ್ವದ ಬೀಜ ಊರಿ, ಕೈಯ ಮಣ್ಣು ಒರೆಸಿಕೊಳ್ಳುತ್ತ. ನಾನು ಪೇಪರ್ ಓದುತ್ತಿದ್ದೆ. ಹೂಂ ಅಂದಿರಬೇಕು.

ಈಗ ಅದೇ ಜಾಗದಲ್ಲಿ ಆರು ಕುಂಡ. ಒಂದೊಂದರಲ್ಲಿ ಒಂದೊಂದು ಕಡ್ಡಿ. ಬೆಳಿಗ್ಗೆ ನೀರು, ಆಮೇಲೆ ಕಾಲೇಜು.

ಭಾನುವಾರ ರೊಳ್ಳದ ಹೊಲಕ್ಕೆ ಹೋಗಿದ್ದೆ. ಅಂಜನಾಳನ್ನು ಮಣ್ಣು ಮಾಡಿದಾಗ ತಲೆದೆಸೆಯಲ್ಲಿ ನೆಟ್ಟದ್ದು ಅವಳೇ ಬೆಳೆಸಿದ ಆ ಸಸಿಯನ್ನು. ಆರು ವರ್ಷ. ನನಗಿಂತ ಎತ್ತರ ಈಗ. ಬೇರು ಸಮಾಧಿಯ ಗದ್ದುಗೆಯನ್ನು ಸೀಳಿದೆ. ಬಿರುಕಿನಲ್ಲಿ ಬೆರಳು ಹೋಗುತ್ತದೆ. ತಮ್ಮ ಸಿದ್ದರಾಮೇಶ್ ತೋರಿಸಿದ.

"ಗದ್ದುಗೆ ಒಡೆದ್ರೆ ಮನೆಗೆ ಆಗಿಬರಲ್ಲ ಕಣಣ್ಣ. ದೊಡ್ಡೋರೆಲ್ಲ ಅಂದವ್ರೆ. ಶ್ರಾವಣ ಬರೋದ್ರೊಳಗೆ ಗಿಡ ತೆಗೆಸಿ ಗ್ರಾನೈಟ್ ಹಾಕ್ಸಾನ."

"ಬುಡದ ತನಕ ಸಿಮೆಂಟ್ ಮೆತ್ತಿಸಿದವನು ನೀನು. ಗಾಳಿ ಸಿಗದೆ ಬೇರು ಮೇಲೆ ಬಂದಿದೆ."

"ಇನ್ನೇನು, ಅತ್ತಿಗೆ ಮೇಲೆ ಕಳೆ ಬೆಳೀಲಿ ಅಂತ ಬಿಡಾಕಾಯ್ತಿತ್ತಾ?"

ಕತ್ತರಿ ಕೇಳಿದೆ. ಕಡ್ಡಿಗಳನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದೆ.

ಆ ಗಿಡ ಇನ್ನೂ ಕಾಯಿ ಬಿಟ್ಟಿಲ್ಲ. ಬಿಟ್ಟಿದ್ದರೂ ಬೀಜದಿಂದ ಬರುವುದು ಇನ್ನೊಂದು ಗಿಡ. ಕಡ್ಡಿಯಿಂದ ಬಂದರೆ — ಅವಳು ಮುಟ್ಟಿದ್ದೇ.

ಜೂನ್ 18

ಸ್ಟಾಫ್ ರೂಮಿನಲ್ಲಿ ಬಾಟನಿ ಜಗದೀಶ್‌ನನ್ನು ಕೇಳಿದೆ. ಬೇರು ಬರಲು ಏನೇನು ಬೇಕು.

"ಯಾಕ್ರೀ, ನಿಮ್ಮ ಎಕನಾಮಿಕ್ಸಿನಾಗ ಇಲ್ಲೇನು ಅದು?" ನಕ್ಕ. ಆಮೇಲೆ ಹೇಳಿದ. ತೇವ ಬೇಕು, ಹೆಚ್ಚಾಗಬಾರದು. ಗಾಳಿಯಾಡುವ ಮಣ್ಣು. ಬೆಚ್ಚಗಿರಬೇಕು. ಕತ್ತಲು. ಮಣ್ಣು ಸಡಿಲವಿದ್ದ ಕಡೆ, ನೀರಿನ ಪಸೆ ಇದ್ದ ಕಡೆ ಬೇರು ತಾನೇ ಹೋಗುತ್ತದಂತೆ. ಕಡ್ಡಿಯ ತುದಿಗೆ ಹಚ್ಚುವ ಪುಡಿಯ ಹೆಸರು ಬರೆದುಕೊಟ್ಟ.

"ಆದ್ರ ಬಿಲ್ವ ಕಡ್ಡಿಗೆ ಸುಲಭಕ್ಕ ಬರಂಗಿಲ್ರಿ. ಕಣಗಿಲ ಹಚ್ರಿ, ಒದ್ದರೂ ಬರ್ತದ."

ಯಾಕೆ ಬಿಲ್ವವೇ ಅಂತ ಅವನು ಕೇಳಲಿಲ್ಲ.

ಜೂನ್ 27

ಚಿಗುರು! ಮೂರನೇ ಕುಂಡದಲ್ಲಿ. ಎರಡು ಎಲೆ, ಎಣ್ಣೆ ಸವರಿದ ಹಾಗೆ. ಬಟ್ಟೆ ಒಣಹಾಕಲು ಬಂದ ಪಕ್ಕದ ಮನೆ ಕೊಟ್ರಮ್ಮ — "ಏನ್ರೀ ಮೇಷ್ಟ್ರೇ, ಬಾಣಂತಿ ಕಾದಂಗ ಕಾಯಾಕತ್ತೀರಲ್ಲ!" ನಕ್ಕೆ. ಎಷ್ಟೋ ದಿನದ ಮೇಲೆ.

ಸಂಜೆ ತಡೆಯಲಾಗಲಿಲ್ಲ. ಎಳೆದು ನೋಡಿದೆ. ಏನೂ ಇಲ್ಲ. ಚೂಪಾಗಿ ಕತ್ತರಿಸಿದ ತುದಿ ಹಾಗೇ ಇದೆ. ಕಡ್ಡಿ ತನ್ನೊಳಗೆ ಉಳಿದಿದ್ದನ್ನೇ ತಿಂದು ಚಿಗುರಿದೆ. ಹಾಗೆಯೂ ಬದುಕಬಹುದು, ಸ್ವಲ್ಪ ಕಾಲ. ನನಗೆ ಗೊತ್ತು.

ಮತ್ತೆ ಊರಿದೆ.

ಜುಲೈ 9

ನಾಲ್ಕು ಕಡ್ಡಿ ಕಪ್ಪಾಗಿ ಕೊಳೆತಿವೆ. ನೀರು ಹೆಚ್ಚಾಯಿತು. ಮೂರನೆಯದು ಒಣಗಿತು.

ಕೊನೆಯದನ್ನು ಮುಟ್ಟುವುದಿಲ್ಲ ಅಂತ ತೀರ್ಮಾನಿಸಿದ್ದೆ. ಮಧ್ಯಾಹ್ನ ಮುಟ್ಟಿದೆ. ಮೆಲ್ಲಗೆ ಎಳೆದಾಗ ಏನೋ ಹಿಡಿದುಕೊಂಡ ಹಾಗಾಯಿತು. ಸಣ್ಣ ಹಿಡಿತ, ಮಗು ಬೆರಳು ಹಿಡಿದಷ್ಟು. ಬಿಡಬಹುದಿತ್ತು. ಬಿಡಲಿಲ್ಲ. ಹೊರಬಂದ ಕಡ್ಡಿಯ ತುದಿಯಲ್ಲಿ ಬಿಳಿ ಗಂಟು. ಅದರಿಂದ ಹೊರಟ ಒಂದೇ ಒಂದು ಬೇರು, ನೂಲಿನಷ್ಟು — ಅರ್ಧ ನನ್ನ ಕೈಲಿ, ಅರ್ಧ ಮಣ್ಣಲ್ಲಿ.

ಬಂದಿತ್ತು. ನೋಡಿದ್ದರಿಂದ ಹೋಯಿತು.

ಜುಲೈ 21, ಭಾನುವಾರ

ತಮ್ಮನ ಫೋನ್. ಸೋಮವಾರ, ಇಪ್ಪತ್ತೊಂಬತ್ತಕ್ಕೆ ಗಿಡ ಕಡಿಯಲು ಆಳುಗಳಿಗೆ ಹೇಳಿದ್ದಾನಂತೆ.

"ಸೋಮವಾರ ಬಿಲ್ವದ ಎಲೆ ಕೂಡ ಕೀಳಬಾರದು, ಗೊತ್ತಿಲ್ವಾ?"

"ಹೌದಲ್ವಾ. ಮಂಗಳವಾರ ಮಾಡಾನ ಬಿಡು."

ನಂಬದ ನಾನೇ ಶಾಸ್ತ್ರ ಹೇಳಿ ಒಂದು ದಿನ ಗಳಿಸಿದೆ. ಅದನ್ನು ಏನು ಮಾಡಲಿ?

ಜುಲೈ 28. ರೊಳ್ಳ

ಡ್ರಿಪ್ ಪೈಪಿಗೆ ಅಂತ ಬೇಸಿಗೆಯಲ್ಲಿ ತೋಡಿದ ಕಾಲುವೆಯಲ್ಲಿ, ಬಿಲ್ವದ ಒಂದು ಬೇರು ಗುದ್ದಲಿ ಏಟಿಗೆ ಸೀಳಿದೆ. ಗಾಯ ಆದ ಕಡೆಯೇ ಸಾಲಾಗಿ ಸಣ್ಣ ಗಿಡಗಳು ಎದ್ದಿದ್ದವು. ಎಲ್ಲ ಸುಟ್ಟು ಕಂದಾಗಿವೆ. ಬೇರಿನ ತುಂಡೂ ಕೊಳೆತಿದೆ.

"ಕಳೆ ಅಂತ ಮದ್ದು ಹೊಡ್ಸಿದ್ನಲ್ಲಣ್ಣ, ಹೋದ ವಾರ," ಅಂದ ತಮ್ಮ.

ಜಗದೀಶ್‌ಗೆ ಫೋನ್ ಮಾಡಿದೆ. "ಹೌದ್ರಿ, ಬಿಲ್ವದ ಬೇರಿಗೆ ಗಾಯ ಆದ್ರ ಅಲ್ಲೇ ಚಿಗುರ್ತದ. ಜೀವ ಇರೋ ಬೇರಿನ ತುಂಡು ತಂದು ಊರ್ರಿ. ಬೇರೆ ಬೇರು ಇಲ್ಲೇನು?"

ಇವೆ. ಗದ್ದುಗೆಯ ಕೆಳಗೆ.

ಜುಲೈ 30, ಮಂಗಳವಾರ

ಕೊಡಲಿಯ ಸದ್ದು ಮುಗಿದ ಮೇಲೆ ಹೋದೆ. ಒಡೆದ ಚಪ್ಪಡಿ ಪಕ್ಕಕ್ಕೆ ಸರಿಸಿದ್ದರು. ಆಳುಗಳನ್ನು ಟೀ ಕುಡಿಯಲು ಕಳಿಸಿದ ತಮ್ಮ.

ಕುಡುಗೋಲು ಹಿಡಿದು ಬೇರಿನ ಗುಂಟ ಕೈ ಇಳಿಸಿದೆ. ಹೊಲದ ಕೆಂಪು ಮಣ್ಣು ಕಲ್ಲಿನ ಹಾಗಿದೆ, ಕಾಲುವೆಯಲ್ಲಿ ಸೀಳಿದ ಆ ಒಂದು ಬಿಟ್ಟರೆ ಆ ಕಡೆ ಬೇರೇ ಹೋಗಿಲ್ಲ. ಉಳಿದವೆಲ್ಲ ಒಂದೇ ಕಡೆ ತಿರುಗಿವೆ. ಒಮ್ಮೆ ಅಗೆದು ತುಂಬಿದ ಮಣ್ಣು ಸಡಿಲ. ಅಲ್ಲಿ ಪಸೆ ಇರುತ್ತದೆ. ಇಷ್ಟೇ ಕಾರಣ. ಬೇರೆ ಕಾರಣ ಬೇಕಿಲ್ಲ.

ಮೊಣಕೈ ತನಕ ಒಳಗಿತ್ತು. ಮುಂದೆ ಹೋಗಲಿಲ್ಲ. ಹಿಂದಕ್ಕೂ ಬರಲಿಲ್ಲ.

"ಕುಡುಗೋಲು ಕೊಡಿಲ್ಲಿ," ಅಂದ ಸಿದ್ದರಾಮೇಶ್. "ನಾನು ಕೊಯ್ತೀನಿ. ನೀನು ಆ ಕಡೆ ನೋಡ್ಕೊಂಡು ನಿಂತ್ಕೊ ಅಣ್ಣ."

ರತ್ನಗಿರಿ ಬೆಟ್ಟದ ಕಡೆ ನೋಡುತ್ತ ನಿಂತೆ. ಬೆನ್ನ ಹಿಂದೆ ಅವನು ಅಳುತ್ತಿದ್ದ. ನನಗೆ ಅಳು ಬರಲಿಲ್ಲ.

ಗೇಣುದ್ದದ ತುಂಡು. ಮಣ್ಣಿನ ಸಮೇತ ಅದೇ ಟವೆಲಿನಲ್ಲಿ.

ಆಗಸ್ಟ್ 5, ಸೋಮವಾರ. ರಾಯದುರ್ಗ

ಒಂದೇ ಕುಂಡ. ಮರಳು, ಕೆಮ್ಮಣ್ಣು, ತಳದಲ್ಲಿ ಹಂಚಿನ ಚೂರು. ನೀರು ಚಿಮುಕಿಸುವುದಷ್ಟೇ. ಗೋಣಿಚೀಲ ಮುಚ್ಚಿದ್ದೇನೆ — ಬಿಸಿಲಿಗೆ ಅಡ್ಡ, ನನಗೂ ಅಡ್ಡ.

ಆಗಸ್ಟ್ 26

ಏನೂ ಎದ್ದಿಲ್ಲ. ಕೊಟ್ರಮ್ಮ ಈಗ ಚೇಷ್ಟೆ ಮಾಡುವುದಿಲ್ಲ. ಬಟ್ಟೆ ಹಾಕಿ ಸುಮ್ಮನೆ ಇಳಿದು ಹೋಗುತ್ತಾಳೆ.

ಇದು ಹೋದರೆ ಇನ್ನೊಂದಿಲ್ಲ. ಅಲ್ಲಿ ಗ್ರಾನೈಟ್ ಕೂತಿದೆ.

ಸೆಪ್ಟೆಂಬರ್ 3. ಬೆಳಿಗ್ಗೆ ಆರೂವರೆ

ಗೋಣಿ ತೆಗೆದಿದ್ದೇನೆ. ಎಡಗೈ ಕುಂಡದ ಮಣ್ಣಿನ ಮೇಲಿದೆ. ಬಲಗೈಗೆ ಕೆಲಸ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಬೆರಳು ತಾನೇ ಒಳಗೆ ಇಳಿಯುತ್ತಿದೆ, ಉಗುರಿನಷ್ಟು. ಸತ್ತಿದ್ದರೆ ನೋಡಿದರೇನು. ಬದುಕಿದ್ದರೆ —

ಎಷ್ಟು ದಿನ ಅಂದಿದ್ದೆ, ಅಂಜನಾ?